ಕರಿ ದಾರದ ಪಿಂಗಾಣಿ ಗೊಂಬಿ

ಒಡದ ಪಿಂಗಾಣಿ ಗೊಂಬಿ ರಿಪೇರಿ ಮಾಡೋದ್ರಾಗ ನನಗ ಮೊದಲಿಂದ ಹೆದರಿಕಿ ಇದ್ದದ್ದು ಒಂದಕ್ಕ, ಬೆರಳಿಗೆ. ತಲಿ ಮುರದು ಬಂದ್ರ ಅಂಟಿಸ್ತೀನಿ, ಸೊಂಟ ಎರಡಾಗಿ ಬಂದ್ರ ಅಂಟಿಸ್ತೀನಿ, ಸೀರಿ ನೆರಿಗಿ ಚೂರುಚೂರಾಗಿ ಡಬ್ಬಿ ತುಂಬ ಬಂದ್ರೂ "ಇಟ್ಟು ಹೋಗ್ರಿ, ನೋಡೋಣಂತ" ಅಂತೀನಿ. ಬೆರಳು ಕಳದು ಹೋಗಿದ್ರ ಮಾತ್ರ ಎದಿ ಧಸಕ್ಕ ಅಂತದ. ಗೋದಿ ಕಾಳಿನಷ್ಟು ಇರೋ ಬೆರಳು ಹೊಸದಾಗಿ ಮಾಡಾಕ ಹೋದ್ರ ನನ್ನ ಕೈಯಾಗ ಅದು ಬೆಂಡಿಕಾಯಿ ಆಗ್ತದ. ಈಗ ಹೇಳಾಕ ಹೊಂಟಿರೋ ಹೆದರಿಕಿ ಬ್ಯಾರೆ. ಆದ್ರ ಅದೂ ಮನಿಗೆ ಬಂದದ್ದು ಈ ಹಾಳು ಬೆರಳಿನ ಸಲುವಾಗಿನ.

ಹೊಸಪೇಟಿಯ ನಮ್ಮ ಮನಿಯಾಗ ದಸರಾಕ್ಕ ಗೊಂಬಿ ಇಡೋ ಪದ್ಧತಿ. ಸೊಸಿಯಾಗಿ ಬಂದ ಮ್ಯಾಲೆ ನಮ್ಮತ್ತಿಯವರ ಪಿಂಗಾಣಿ ಗೊಂಬಿಗಳ ಸೇವಾ ಮಾಡ್ತ ಮಾಡ್ತ ಈ ವಿದ್ಯಾ ಕೈಗೆ ಹತ್ತಿತು. ಆಮ್ಯಾಲೆ ಓಣಿಯವರು ತಂದ್ರು, ಕಂಪ್ಲಿಯಿಂದ ತಂದ್ರು, ಕುರೆಕುಪ್ಪದಿಂದ ಫ್ಯಾಕ್ಟರಿ ಮಂದಿ ಟವೆಲಿನಾಗ ಸುತ್ತಿಕೊಂಡು ತಂದ್ರು. ನಡುಮನಿ ಕಿಡಕಿ ಕೆಳಗ ಒಂದು ಟೇಬಲ್ಲು, ಎರಡು ಟ್ಯೂಬಿನ ಅಂಟು, ನೀರಿನ ಪೈಪು ಸೋರಿದ್ರ ಮೆತ್ತೋ ಲಪ್ಪ, ಪಾಲಿಶ್ ಕಾಗದ, ಸಣ್ಣ ಕುಂಚ. ನಮ್ಮ ಮನಿಯವರು ಬ್ಯಾಂಕಿನಿಂದ ರಿಟೈರ್ ಆದವರು, ಮಾಡಾಕ ಕೆಲಸಿಲ್ಲ, "ನಿನ್ನ ದವಾಖಾನಿ ತೆರದದ ಏನು?" ಅಂತ ದಿನಾ ಚ್ಯಾಷ್ಟಿ ಮಾಡೋರು.

ಆ ಮಳಿಗಾಲ ಸಂಡೂರಿನಿಂದ ಒಬ್ಬ ಹೆಣ್ಮಗಳು ಕೊಳಲು ಊದೋ ಕೃಷ್ಣನ್ನ ತಂದ್ರು. ಗೇಣುದ್ದ, ನೀಲಿ ಮೈ, ಮುಖ ನೋಡಿದ್ರ ಮುದ್ದು ಬರಬೇಕು. ಬಲಗೈ ಮುಂಗೈ ಇಲ್ಲ. "ತುಣುಕು ಎಲ್ಲದ್ರಿ?" ಅಂದೆ. "ಕಸದಾಗ ಹೋತ್ರಿ" ಅಂದ್ರು. ಕಸದಾಗ! "ದೇವರ ಕೈ ಕಸದ ಗಾಡಿಗೆ ಹಾಕಿ, ಮೈ ನನ್ನ ಕಡೆ ತಂದೀರಿ, ಭೇಷ್ ಆತು" ಅಂತ ಅಂದೇ ಬಿಟ್ಟೆ. ಆಕಿ ಪಾಪ ಕಣ್ಣಾಗ ನೀರು ತಂದ್ರು. ತವರುಮನಿಯವರು ಕೊಟ್ಟ ಗೊಂಬಿಯಂತ, ದಸರಾದಾಗ ಅದಿಲ್ಲಂದ್ರ ಮನಿ ಬಿಕೋ ಅಂತದಂತ. ಹೂಂ ಅಂದೆ.

ಹೂಂ ಅಂದೆ ಖರೆ, ಕೈ ಎಲ್ಲಿಂದ ತರಲಿ? ಇಂಥಾ ಹೊತ್ತಿಗೆ ನಾನು ಒಂದು ಉಪಾಯ ಮಾಡ್ತಿದ್ದೆ. ನಮ್ಮ ಕಡೆ ಒಡದ ದೇವರು, ಒಡದ ಗೊಂಬಿ ಮನಿಯಾಗ ಇಟ್ಕೊಳ್ಳಂಗಿಲ್ಲ. ಹೊಳಿಗೆ ಬಿಡ್ತಾರ, ಇಲ್ಲಾ ಅರಳಿ ಗಿಡದ ಕಟ್ಟಿ ಮ್ಯಾಲೆ ಇಟ್ಟು ಕೈಮುಗದು ಬರ್ತಾರ. ಅಂಥಾ ಕಟ್ಟಿ ಕಂಡ್ರ ನಾನು ನಿಂತು ಹುಡಕಾಕಿ. ಒಂದು ಕಿವಿ, ಒಂದು ಮೂಗು, ನವಿಲಿನ ಚುಂಚು, ಸಿಕ್ಕದ್ದು ಚೀಲಕ್ಕ. ನಮ್ಮತ್ತಿಯವರಿಗೆ ಇದು ಸೇರ್ತಿರಲಿಲ್ಲ. "ಮಂದಿ ಬಿಟ್ಟದ್ದು ಮುಟ್ಟಬ್ಯಾಡ, ಏನೇನು ಹಚ್ಚಿ ಬಿಟ್ಟಿರ್ತಾರೋ" ಅನ್ನೋರು. "ಅಂಟು ಹಚ್ಚಿ ಬಿಟ್ಟಿದ್ರ ಭಾಳ ಚೊಲೋ ಆತು, ನನಗ ಉಳಿತು" ಅಂತ ನಾನು. ಬಿಎಸ್ಸಿ ಓದಿದಾಕಿ ನೋಡ್ರಿ, ಬಾಯಿ ಭಾಳ.

ನಮ್ಮತ್ತಿಯವರ ಇನ್ನೊಂದು ಚಾಳಿ ಹೇಳಿಬಿಡ್ತೀನಿ. ಯಾರ ಬಾಯಿಂದರ ಕೆಟ್ಟ ಮಾತು ಬಂತೋ, "ಬಿಡ್ತು ಅನ್ನು!" ಅಂತ ಗದರಿಸೋರು. ಸಂಜಿಮುಂದ ಅಸ್ತು ದೇವತಿಗಳು ಮನಿ ಮ್ಯಾಲೆ ಹಾದು ಹೋಗ್ತಿರ್ತಾವಂತ, ನಾವು ಅಂದದ್ದಕ್ಕೆಲ್ಲ "ಅಸ್ತು" ಅಂದುಬಿಡ್ತಾವಂತ. "ಅಕ್ಕಿ ಇಲ್ಲ" ಅನ್ನಂಗಿಲ್ಲ ನಮ್ಮ ಮನಿಯಾಗ, "ಅಕ್ಕಿ ತರಬೇಕು" ಅನ್ನಬೇಕು. ಬುಕ್ಕಸಾಗರದಾಗ ಗುರ್ತಿನ ರೈತರ ಮನಿಗೆ ಒಂದು ದಿನ ನಾನು, ನಮ್ಮ ಮನಿಯವರು ಇಬ್ರೂ ಸ್ಕೂಟರ್ ಮ್ಯಾಲೆ ಹೋದದ್ದು ಹಂಗ ಅಕ್ಕಿ "ತರಾಕ".

ಊರು ಇನ್ನೂ ಸ್ವಲ್ಪ ದೂರ ಇರುವಾಗ ಕಾಲುವಿ ಬಾಜು ಒಂದು ಅರಳಿ ಕಟ್ಟಿ. ಒಡದ ಫೋಟೋ ಗಾಜು, ಬಣ್ಣ ಹೋದ ಗಣಪ್ಪ, ಇವುಗಳ ನಡುವ ಒಂದು ಪಿಂಗಾಣಿ ಹುಡುಗಿ. ಕುಂತು, ಎರಡೂ ಕೈಯಾಗ ಒಂದು ಹಣ್ಣು ಹಿಡಕೊಂಡು ಬಾಯಿ ಹತ್ರ ಒಯ್ದಾಳ. ಆ ಬೆರಳು ನೋಡಿದೆ ನೋಡ್ರಿ! ಮಡಚಿದ ಸಣ್ಣ ಸಣ್ಣ ಬೆರಳು, ಅಳತಿ ತಗೊಂಡು ಕೃಷ್ಣನಿಗೇ ಮಾಡಿದಂಗ. ಹಣ್ಣು ಕೆತ್ತಿ ತೆಗದ್ರ ಕೊಳಲು ಹಿಡದ ಕೈ. ತಿರುಗಿಸಿ ಮುರಗಿಸಿ ನೋಡಿದೆ, ಎಲ್ಲೂ ಒಂದು ಬಿರುಕಿಲ್ಲ. ಕೊರಳಿಗೆ ಒಂದು ಕರಿ ದಾರ ಕಟ್ಟಿತ್ತು. ಯಾವುದೋ ಕೂಸು ಆಟಕ್ಕ ಸರ ಕಟ್ಟೇದ ಅಂದ್ಕೊಂಡೆ. ಒಡೀಲಾರದ ಗೊಂಬಿ ಯಾಕ ಇಲ್ಲಿ ಬಿಟ್ಟಾರ ಅಂತ ಕೇಳ್ಕೋಬೇಕಿತ್ತು, ಕೇಳ್ಕೊಳ್ಳಲಿಲ್ಲ. "ಜಲ್ದಿ ಹತ್ತು ಮಾರಾಯ್ತಿ, ಮಳಿ ಬರ್ತದ" ಅಂದ್ರು ನಮ್ಮ ಮನಿಯವರು. ಚೀಲಕ್ಕ ಹಾಕ್ಕೊಂಡು ಹತ್ತಿದೆ.

ಮನಿಗೆ ಬಂದು ಕತ್ತರಿಯಿಂದ ಆ ದಾರ ಕತ್ತರಿಸಿ ಕಸಕ್ಕ ಒಗದೆ. ಸಣ್ಣ ಗರಗಸದಿಂದ ಬಲಗೈ ಮುಂಗೈ ಕೊಯ್ದೆ, ಅದಕ್ಕ ಹತ್ತಿದ ಹಣ್ಣಿನ ಅರ್ಧ ಕೆತ್ತಿ ತೆಗದೆ. ಕೃಷ್ಣನಿಗೆ ಅಂಟಿಸಿ ನೀಲಿ ಹಚ್ಚಿದೆ. ಮಸ್ತ್ ಕುಂತಿತ್ತು, ನನ್ನ ಜನ್ಮದಾಗ ಅಂಥಾ ಕೈ ನಾನು ಕೂಡಿಸಿಲ್ಲ.

ಆಗ ನನ್ನ ಮಗಳು ಬಾಣಂತನಕ್ಕ ತವರಿಗೆ ಬಂದಿದ್ಳು. ಏಳು ತುಂಬಿತ್ತು, ಚೊಚ್ಚಲು. ಆ ಕೈ ಹೋದ ಹುಡುಗಿ ಗೊಂಬಿ ನೋಡಿ, "ಅಮ್ಮಾ, ಎಷ್ಟು ಚೆಂದದ! ಇದು ನಂದು" ಅಂತ ಒಯ್ದು ಮಂಚದ ಬಾಜು ಕಿಡಕಿಯಾಗ ಇಟ್ಕೊಂಡ್ಳು. ಇರಲಿ ಬಿಡು ಅಂದೆ.

ಒಂದು ವಾರ ಆಗಿರಬೇಕು. ಮಗಳ ಕಾಲು ಬಾತವು. ಎಲ್ಲಾ ಬಸರಿಯರಿಗೂ ಬಾಯ್ತಾವ ಅಂದೆ. ಮುಖ ಬಾತಿತು, ತಲಿ ಸಿಡೀತದ ಅಂದ್ಳು. ಡಾಕ್ಟರಮ್ಮ ಬೀಪಿ ನೋಡಿದವರು ನನ್ನ ಮುಖ ನೋಡಲಿಲ್ಲ, ಮತ್ತೊಮ್ಮೆ ಬೀಪಿ ನೋಡಿದ್ರು. "ಇವತ್ತ ಅಡ್ಮಿಟ್ ಮಾಡ್ರಿ, ಕೂಸು ಬೆಳೆಯಬೇಕಾದಷ್ಟು ಬೆಳೆದಿಲ್ಲ" ಅಂದ್ರು. ಮರುದಿನ ಮುಂಜಾನೆ ಮಗಳು ನನ್ನ ಕೈ ತಗೊಂಡು ಹೊಟ್ಟಿ ಮ್ಯಾಲೆ ಇಟ್ಕೊಂಡು, "ಅಮ್ಮಾ, ಯಾಕೋ ಆಡವಲ್ದು" ಅಂದ್ಳು. ನನ್ನ ಅಂಗೈ ಕೆಳಗ ಏನೂ ಇಲ್ಲ. ಹೊಟ್ಟಿ ಸುಮ್ಮನ ಬಿಗದುಕೊಂಡು ಕುಂತದ. ಆಮ್ಯಾಲೆ ಎಷ್ಟೋ ಹೊತ್ತಿಗೆ ಒಂದು ಸಣ್ಣ ಒದಿತ. ನಾನು ಬಾತ್‌ರೂಮಿಗೆ ಹೋಗಿ ನಳ ಬಿಟ್ಟು ಅತ್ತೆ.

ಮಗಳ ಅರಿವಿ ತರಾಕ ಮನಿಗೆ ಬಂದ್ರ ನಮ್ಮತ್ತಿಯವರು ಆಕಿ ಮಂಚದ ಮುಂದ ನಿಂತು ಕಿಡಕಿ ನೋಡ್ತಿದ್ರು.

"ಈ ಗೊಂಬಿ ಎಲ್ಲಿಂದ ತಂದಿ?"

ಹೇಳಿದೆ.

"ಒಡದಿತ್ತೇನು?"

"ಇಲ್ಲ."

"ಏನರ ಕಟ್ಟಿತ್ತೇನು ಅದಕ್ಕ?"

ಆ ಕರಿ ದಾರ ನನ್ನ ಕಣ್ಣ ಮುಂದ ಬಂತು, ಕತ್ತರಿಸಿದ ಸಪ್ಪಳ ಸೈತ ಕೇಳಿಸಿತು. ಹೂಂ ಅಂತ ತಲಿ ಹಾಕಿದೆ. ನಮ್ಮತ್ತಿಯವರು ಬೈತಾರ ಅಂದ್ಕೊಂಡಿದ್ದೆ. ಬೈಲಿಲ್ಲ, ಮಂಚದ ಮ್ಯಾಲೆ ಕುಸದು ಕುಂತ್ರು. ಅದು ನನಗ ಇನ್ನೂ ಹೆದರಿಕಿ ಆತು.

ಅವರು ಹೇಳಿದ್ದು ಇಷ್ಟು. ಕೂಸಿಗೆ ಜಡ್ಡು ಬಂದು ಕೈ ಮೀರಿದಾಗ, ಆ ಕೂಸಿಗೆ ಭಾಳ ಪ್ರೀತಿಯ ಆಟಗಿ ತಗೊಂಡು, ಕೂಸಿನ ಮ್ಯಾಲಿಂದ ನಿವಾಳಿಸಿ, ಕರಿ ದಾರ ಕಟ್ಟಿ ಗಿಡದ ಬುಡಕ್ಕ ಇಡ್ತಾರ. ಜಡ್ಡು ಆಟಗಿಯೊಳಗ ಇಳೀತದ. ಒಯ್ದವರ ಮನಿಯಾಗ ಯಾರು ಅದನ್ನ "ನಂದು" ಅಂತಾರೋ ಅವರಿಗೆ ಹತ್ತತದ. "ಇದ್ದಂಗ ಮಾಡಿ, ಇದ್ದಲ್ಲೇ ಇಟ್ಟು ಬಾ" ಅಂದ್ರು. "ಕೈಯಿಲ್ಲದ್ದು ಇಡಬ್ಯಾಡ. ಹೊಳಿಗೂ ಬಿಡಬ್ಯಾಡ, ಕೂಸಿನ ಹೆಸರಿಂದು ಹೊಳಿಗೆ ಬಿಟ್ರ ಹೊಳಿ ಕೂಸನ್ನ ಕೇಳ್ತದ."

ನಿಮಗ ನಗು ಬರಬಹುದು. ನನಗೂ ಬರ್ತಿತ್ತು, ಹಿಂದಿನ ವಾರ ಆಗಿದ್ರ. ಅಂಗೈ ಕೆಳಗ ಕೂಸು ಆಡಲಾರದ್ದು ಒಮ್ಮೆ ತಿಳಿತಂದ್ರ ಯಾವ ಬಿಎಸ್ಸಿ ನೆನಪಿರ್ತದ? "ಇದು ನಂದು" ಅಂದಿದ್ಳಲ್ಲ ನನ್ನ ಮಗಳು. ಅಂದಾಕಿ ಆಕಿ, ಅನ್ನಿಸಿದಾಕಿ ನಾನು.

ಟೇಬಲ್ಲಿಗೆ ಹೋದೆ. ಕೃಷ್ಣ ಹೊಸ ಕೈಯಾಗ ಕೊಳಲು ಹಿಡದು ನಗ್ತ ನಿಂತಾನ. ಆ ಅಂಟು ಸುಮ್ಮಸುಮ್ಮನ ಬಿಡಂಗಿಲ್ಲ. ಬಿಸಿ ತಾಗಿದ್ರ ಮೆತ್ತಗಾಗ್ತದ, ಹೆಚ್ಚು ತಾಗಿದ್ರ ಪಿಂಗಾಣಿ ಚಟ್ಟಂತ ಸೀಳ್ತದ. ಚಹಾದ ಪಾತ್ರಿಯಾಗ ನೀರು ಕುದಿಸಿ ಹಬಿಗೆ ಆ ಮುಂಗೈ ಹಿಡದೆ. ನಮ್ಮತ್ತಿಯವರು ಬಾಗಿಲಾಗ ನಿಂತು ಏನೋ ಸ್ತೋತ್ರ ಅಂತಿದ್ರು. ಮುಂಗೈ ಬಿಟ್ಟು ಬಂತು, ಹಬಿಯಾಗ ಜಾರಿತು, ಸೀರಿ ಮಡಿಲಾಗ ಬಿತ್ತು. ನೆಲಕ್ಕ ಬಿದ್ದಿದ್ರ? ಬಿಡ್ತು.

ನೀಲಿ ತೊಳದೆ. ಕೆತ್ತಿದ ಹಣ್ಣಿನ ಅರ್ಧ ಲಪ್ಪದಿಂದ ಮಾಡಿದೆ. ಗೊಂಬಿ ಹುಡುಗಿಯ ಕೈ ಆಕಿಗೇ ಅಂಟಿಸಿದೆ. ಗರಗಸ ತಿಂದಷ್ಟು ಪಿಂಗಾಣಿ ಹೋಗಿತ್ತು, ಅಲ್ಲಿ ಲಪ್ಪ ತುಂಬಿ ಬಣ್ಣ ಹಚ್ಚೋದರಾಗ ಸುತ್ತ ಒಂದು ಸಣ್ಣ ಗೆರಿ ಉಳಿತು. ಪಾಲಿಶ್ ಮಾಡಾಕ ವ್ಯಾಳ್ಯಾ ಇರಲಿಲ್ಲ. ಕತ್ತರಿಸಿದ ದಾರ ಕಸದ ಗಾಡಿಗೆ ಎಂದೋ ಹೋಗಿತ್ತು. ಸಂಡೂರಿನ ಹೆಣ್ಮಗಳಿಗೆ ನಾನು ಅಂದ ಮಾತು ನನಗ ತಿರುಗಿ ಬಂತು. ದಾರದ ಉಂಡಿಯೊಳಗಿಂದ ಹೊಸ ಕರಿ ದಾರ ಹರಕೊಂಡು ಕಟ್ಟಿದೆ. ಬ್ಯಾರೆ ದಾರ ನಡೀತದೋ ಇಲ್ಲೋ ಅಂತ ನಮ್ಮತ್ತಿಯವರನ್ನ ಕೇಳಾಕ ಧೈರ್ಯ ಸಾಲಲಿಲ್ಲ.

ನಮ್ಮ ಮನಿಯವರು ದವಾಖಾನಿಯಾಗ ಮಗಳ ಹತ್ರ ಇದ್ರು. ನಾನು ಒಬ್ಬಾಕಿನ ಕಂಪ್ಲಿ ಬಸ್ಸು ಹತ್ತಿದೆ. ಕಮಲಾಪುರ ದಾಟಿ ಬುಕ್ಕಸಾಗರದ ಹತ್ರ ಇಳಿಯೋದರಾಗ ಹೊತ್ತು ಇಳದಿತ್ತು. ಎರಡೂ ಕಡೆ ನಾಟಿ ಗದ್ದಿ, ಕೆಲಸ ಮುಗಿಸಿದ ಹೆಣ್ಮಕ್ಕಳು ಕಾಲುವಿಯಾಗ ಕಾಲು ತೊಳೀತಿದ್ರು. ಯಾರೂ ನೋಡಲಾರದಂಗ ಇಟ್ಟು ಓಡಿಬಿಡಬೇಕಂತ ನಾನು ಚೀಲದಿಂದ ಗೊಂಬಿ ತೆಗದೆ.

"ನನ್ನ ಗೊಂಬಿ! ಅವ್ವಾ, ನನ್ನ ಗೊಂಬಿ!"

ನಾಲ್ಕೈದು ವರ್ಷದ ಹುಡುಗಿ ಓಡಿ ಬರಾಕ ಹತ್ತೇದ. ಹಿಂದ ಕೆಸರಗಾಲಿನಾಗ ಅದರ ತಾಯಿ. ಬಂದಾಕಿನ ಮಗಳ ಬಾಯಿ ಕೈಯಿಂದ ಮುಚ್ಚಿ, "ಬಿಡ್ತು ಅನ್ನು! ಬಿಡ್ತು ಅನ್ನಲೇ!" ಅಂತ ಜಗ್ಗಿದ್ಳು. ನನ್ನ ಕೈಯಾಗಿನ ಗೊಂಬಿ ನೋಡಿದಾಕಿ ಮುಖ ಬೂದಿ ಬಡದಂಗ ಆತು.

"ಯಕ್ಕಾ, ತಿರುಗಿ ಯಾಕ ತಂದ್ರಿ? ನಿಮ್ಮ ಕಾಲಿಗೆ ಬೀಳ್ತೀನ್ರಿ, ಇಲ್ಲಿ ಇಡಬ್ಯಾಡ್ರಿ."

ನನಗ ಸಿಟ್ಟು ನೆತ್ತಿಗೇರಿತು. ಇಡಬ್ಯಾಡಂತ! ನಿನ್ನ ಮಗಳ ಜಡ್ಡು ನಾನು ಯಾಕ ಹೊರಲಿ? ನನ್ನ ಮಗಳು ಅಲ್ಲಿ ಮಲಗ್ಯಾಳ, ಹೊಟ್ಟಿಯಾಗಿನ ಕೂಸು ಆಡವಲ್ದು. ಎಲ್ಲಾ ನಾಲಿಗಿ ತುದಿಗೆ ಬಂದಿತ್ತು.

ಆಕಿ ಅಳತ ಹೇಳಾಕ ಹತ್ತಿದ್ಳು. ಬ್ಯಾಸಗಿಯಾಗ ಹುಡುಗಿಗೆ ಜ್ವರ ಬಂದು ಫಿಟ್ಸ್ ಆಗಿತ್ತಂತ. ದವಾಖಾನಿಯವರೂ ಏನೂ ಹೇಳಾಕ ಬರಂಗಿಲ್ಲ ಅಂದಿದ್ರಂತ. "ಕೈ ಬಿಟ್ಟು ಹೋದಂಗ ಆಗಿತ್ರಿ. ಜ್ವರ ಇಳಿತು, ಫಿಟ್ಸ್ ನಿಲ್ಲಲಿಲ್ಲ. ಹತ್ತು ಹದಿನೈದು ದಿನದ ಹಿಂದ ಇದನ್ನ ನಿವಾಳಿಸಿ ಇಟ್ಟೆ. ಮರುದಿನ ಬಂದು ನೋಡಿದ್ರ ಗೊಂಬಿ ಇಲ್ಲ. ಅವತ್ತಿಂದ ಒಮ್ಮೇನೂ ಬಂದಿಲ್ರಿ. ಯಾರು ಒಯ್ದಾರೋ ಅವರ ಹೊಟ್ಟಿ ತಣ್ಣಗಿರಲಿ ಅಂತ ದಿನಾ ದೀಪ ಹಚ್ಚೀನ್ರಿ, ನಮ್ಮವ್ವನಾಣೆ."

ನನ್ನ ಹೊಟ್ಟಿ ತಣ್ಣಗಿರಲಿ ಅಂತ ದೀಪ ಹಚ್ಚ್ಯಾಳ ಈಕಿ.

ಅಷ್ಟೊತ್ತಿಗೆ ಹುಡುಗಿ ತಾಯಿ ಕೈ ಬಿಡಿಸ್ಕೊಂಡು ಗೊಂಬಿ ಹತ್ರ ಬಂದು ಬಗ್ಗಿ ನೋಡಿತು. "ಅವ್ವಾ, ಇದರ ಕೈಗೆ ಗಾಯ ಆಗೇತಿ" ಅಂತು. ನಾನು ಅಂಟಿಸಿದ ಗೆರಿ ಕಂಡುಹಿಡದಿತ್ತು. ಗಲ್ಲ ಉಬ್ಬಿಸಿ ಆ ಗೆರಿ ಮ್ಯಾಲೆ ಉಫ್ ಅಂತ ಊದಿತು, ಉಫ್ ಉಫ್. ಅದರ ಮುಂಗೈ ಮ್ಯಾಲೆ ಸಲಾಯಿನ್ ಚುಚ್ಚಿದ ಕರಿ ಕಲಿ ಇನ್ನೂ ಇತ್ತು. "ಕೊಡ್ರಿ, ನಂದದು" ಅಂತ ಕೈ ಚಾಚಿತು. ತಾಯಿ ಚಿಟ್ಟನ ಚೀರಿದ್ಳು.

ನಾನು ಗೊಂಬಿ ಎದಿಗೆ ಅವಚಿಕೊಂಡೆ. "ನಿಂದಲ್ಲವ್ವ" ಅಂದೆ. "ನಿಂದು ಎಂದೋ ಒಡದು ಹೋತು. ಇದು ನಂದು."

ಹುಡುಗಿ ಅಳಾಕ ಹತ್ತಿತು. ತಾಯಿ ನನ್ನ ಮುಖ ನೋಡಿಕೋತ ನಿಂತ್ಳು. ಹೋಗಿಬಿಡಬಹುದಿತ್ತು, ಹೋಗಲಿಲ್ಲ. ಕೆಸರ ಕೈ ಸೆರಗಿಗೆ ಒರಸ್ಕೊಂಡು ಸಣ್ಣ ದನಿಯಾಗ ಕೇಳಿದ್ಳು, "ಯಕ್ಕಾ, ನಿಮ್ಮನ್ಯಾಗ ಮಕ್ಕಳು ಮರಿ ಅದಾರೇನ್ರಿ?"

ಹೊತ್ತು ಮುಳುಗಾಕ ಬಂದಿತ್ತು. ಅಸ್ತು ದೇವತಿಗಳು ಹಾಯೋ ಹೊತ್ತು. ಅದಾರ ಅಂದ್ರ ಈಕಿ ಇವತ್ತ ರಾತ್ರಿ ಮಲಗಂಗಿಲ್ಲ, ಗೊಂಬಿ ಇಲ್ಲೇ ಬಿಟ್ಟು ಹೋಗ್ರಿ ಅಂದ್ರೂ ಅನ್ನಾಕಿನ. ಇಲ್ಲ ಅಂದ್ರ?

"ಇಲ್ಲವ್ವ. ನಮ್ಮ ಮನಿಯಾಗ ಮಕ್ಕಳು ಯಾರೂ ಇಲ್ಲ" ಅಂದೆ. "ಮುದುಕರ ಮನಿ."

ನಮ್ಮ ಮನಿಯಾಗ ಅಕ್ಕಿ ಇಲ್ಲ ಅನ್ನಂಗಿಲ್ಲ. ನಾನು ಮಕ್ಕಳಿಲ್ಲ ಅಂದಿದ್ದೆ. ಆಕಿ ನನ್ನ ಕಾಲು ಮುಟ್ಟಿದ್ದು ಗೊತ್ತಾತು, ಮುಂದ ರಸ್ತೆಗೆ ಹೆಂಗ ಬಂದೆ ಗೊತ್ತಿಲ್ಲ. ಬಿಡ್ತು, ಬಿಡ್ತು, ಬಿಡ್ತು ಅಂತ ಬಡಬಡಿಸಿಕೋತ ಬಸ್ಸಿನಾಗ ಕುಂತೆ. ಬಾಜು ಕುಂತ ಮುದುಕ "ಏನು ಬಿಟ್ಟು ಬಂದೆವ್ವ?" ಅಂತ ಕೇಳಿದ. "ನಿನಗ್ಯಾಕಪ್ಪ!" ಅಂತ ಅವನ ಮ್ಯಾಲೆ ಹರಿಹಾಯ್ದೆ.

ಕಮಲಾಪುರದ ಹತ್ರ ಫೋನು ಬಡಕೊಂತು, ನಮ್ಮ ಮನಿಯವರದು. ಎತ್ತಾಕ ಕೈ ಏಳಲಿಲ್ಲ, ನಿಂತಿತು, ಮತ್ತ ಬಡಕೊಂತು, ಎತ್ತಿದೆ. ಕೂಸಿನ ಎದಿಬಡಿತ ಕಮ್ಮಿ ಆಗ್ಯದಂತ, ಬಳ್ಳಾರಿಗೆ ಒಯ್ಯಾಕ ಹೇಳ್ಯಾರಂತ. ಅಸ್ತು ಅಂದೇ ಬಿಟ್ವು, ಅಂದ್ಕೊಂಡೆ. ಹೌದು, ಆ ಮಾತ ಅಂದ್ಕೊಂಡೆ.

ಅಂಬುಲೆನ್ಸಿನಾಗ ಮಗಳ ಕೈ ಹಿಡಕೊಂಡು ಕುಂತಿದ್ದೆ, ಗೊಂಬಿ ಇದ್ದ ಚೀಲ ತೊಡಿ ಮ್ಯಾಲೆ. "ಅಮ್ಮಾ, ಅದರಾಗ ಏನದ?" ಅಂದ್ಳು. "ನಿನ್ನ ಅರಿವಿ" ಅಂದೆ. ಬಳ್ಳಾರಿ ದವಾಖಾನಿಯಾಗ ಆ ಚೀಲ ಎಲ್ಲಿಡಬೇಕು? ಬೆಂಚಿನ ಕೆಳಗ ಇಟ್ರ ಯಾರದರ ಕೂಸು ತೆಗೀತದ. ಕಸದ ಡಬ್ಬಿಗೆ ಹಾಕಿದ್ರ ಕಸ ಗುಡಿಸಾಕಿ ಚೆಂದದ ಅಂತ ಮನಿಗೆ ಮಕ್ಕಳಿಗೆ ಒಯ್ತಾಳ. ಅಳಿಯ ಬಂದ, "ಚೀಲ ಕೊಡ್ರಿ ಅತ್ತಿ, ಕಾರಿನಾಗ ಇಡ್ತೀನಿ" ಅಂದ. ಕೊಡಲಿಲ್ಲ. ಆಪರೇಶನ್ ಮಾಡಿ ಕೂಸು ತೆಗದ್ರು. ಹೆಣ್ಣು, ಅಳಲಿಲ್ಲ, ಗಾಜಿನ ಪೆಟ್ಟಿಗಿಯಾಗ ಇಟ್ರು. ಮಗಳು ಉಳದ್ಳು. ನಾನು ಗಾಜಿನ ಹೊರಗ ಕುಂತೆ. ಉಂಡೆ, ಉಣಲಿಲ್ಲ, ಎದ್ದೆ, ಕುಂತೆ, ಚೀಲ ಮಾತ್ರ ಕೆಳಗಿಡಲಿಲ್ಲ. ಅದರಾಗ ಏನದ ಅಂತ ನಮ್ಮ ಮನಿಯವರಿಗೆ ಗೊತ್ತಾಗಿತ್ತು. ಅಷ್ಟು ಚ್ಯಾಷ್ಟಿ ಮಾಡೋ ಮನುಷ್ಯ ಚಹಾ ತಂದು ನನ್ನ ಬಾಜು ಇಟ್ಟು ಹೋಗ್ತಿದ್ರು.

ಎಷ್ಟೋ ದಿನದ ಮ್ಯಾಲೆ ನರ್ಸ್ ಒಂದು ಬಿಳಿ ಗಂಟು ತಂದು, "ಅಜ್ಜಿ, ಚೀಲ ಕೆಳಗಿಡ್ರಿ, ಕೂಸು ತಗೋರಿ" ಅಂದ್ಳು. ಚೀಲ ಬೆನ್ನಿಗೆ ಸರಿಸಿಕೊಂಡು ಎರಡೂ ಕೈ ಚಾಚಿದೆ. ತೂಕ ಅನ್ನೋದೇ ಇರಲಿಲ್ಲ. ಬೆರಳು ನೋಡಿದೆ. ಗೋದಿ ಕಾಳಿನಷ್ಟು, ಮಡಚಿದ್ವು, ನನ್ನ ಬೆರಳು ಹಿಡದ್ವು.

ಸಂಡೂರಿನ ಕೃಷ್ಣನಿಗೆ ಲಪ್ಪದಿಂದ ಕೈ ಮಾಡಿ ಕೊಟ್ಟೆ. "ಕೊಳಲು ಹಿಡದಾನೋ ಬೆಂಡಿಕಾಯಿ ಹಿಡದಾನೋ" ಅಂತ ಆ ಹೆಣ್ಮಗಳು ಗೊಣಗಿದ್ರು. ಗೊಣಗಲಿ. ಅರಳಿ ಕಟ್ಟಿ ಕಂಡ್ರ ಈಗ ನಾನು ಮುಖ ತಿರುಗಿಸಿಕೊಂಡು ಹೋಗ್ತೀನಿ.

ಮೊಮ್ಮಗಳಿಗೆ ಈಗ ಮೂರು ವರ್ಷ, ಬಾಯಿ ನನ್ನಂಗ. ದಸರಾಕ್ಕ ಬಂದಾಗೆಲ್ಲ ಕಪಾಟಿನ ಮ್ಯಾಲಿನ ಖಾನಿ ಕಡೆ ಕೈ ಮಾಡಿ ಹಟ ಹಿಡೀತಾಳ. ಗಾಜಿನ ಹಿಂದ ಕರಿ ದಾರ ಕಟ್ಟಿಕೊಂಡ ಹುಡುಗಿ ಹಣ್ಣು ತಿನ್ಕೋತ ಕುಂತಿರ್ತಾಳ. ಬೀಗದ ಕೈ ನನ್ನ ಸೊಂಟದಾಗ.

"ಅಜ್ಜಿ, ಆ ಗೊಂಬಿ ನಂದಾ?"

"ಅಲ್ಲ. ನಂದು."

ಅಳತಾಳ. ಅಳಲಿ.